ಅಮೆರಿಕದ ಗಡಿಯಲ್ಲಿ ಫೋನ್ ಶೋಧ: ವಕೀಲರು ನಿಜವಾಗಿ ಏನು ಮಾಡುತ್ತಾರೆ?

ಪ್ರಶ್ನೆ: ನಾನು ಧಾರವಾಡದಲ್ಲಿ ಕಾನೂನು ಪದವಿಯ ಕೊನೆಯ ವರ್ಷದಲ್ಲಿದ್ದೇನೆ. ಎಚ್-1ಬಿ ವೀಸಾದ ಮೇಲೆ ಅಮೆರಿಕದಲ್ಲಿ ಕೆಲಸ ಮಾಡುತ್ತಿರುವ ನನ್ನ ಅಕ್ಕ ಊರಿಗೆ ಬಂದು ಮರಳುವಾಗ, ಅಲ್ಲಿಯ ವಿಮಾನ ನಿಲ್ದಾಣದಲ್ಲಿ ಅಧಿಕಾರಿಗಳು ಆಕೆಯನ್ನು ಬೇರೆ ಕೋಣೆಗೆ ಕರೆದೊಯ್ದು, ಪಾಸ್‌ಕೋಡ್ ಹೇಳಿಸಿಕೊಂಡು, ಮುಕ್ಕಾಲು ಗಂಟೆ ಫೋನ್ ಇಟ್ಟುಕೊಂಡು ವಾಪಸ್ ಕೊಟ್ಟರು. ಏನು ನೋಡಿದರು, ಏಕೆ ನೋಡಿದರು ಎಂದು ಹೇಳಲಿಲ್ಲ. ವಾರಂಟ್ ಇಲ್ಲದೆ ಫೋನ್ ನೋಡಕೂಡದು ಎಂದು ಅಲ್ಲಿಯ ಸುಪ್ರೀಂ ಕೋರ್ಟೇ ಹೇಳಿದೆಯಲ್ಲವೇ? ಇಂಥದ್ದರಲ್ಲಿ ನಾಗರಿಕ ಸ್ವಾತಂತ್ರ್ಯದ ವಕೀಲರು ಮಾಡುವ ಕೆಲಸವೇನು? ಬಹುಪಾಲು ಸರ್ಕಾರವೇ ಗೆಲ್ಲುವುದಾದರೆ ಆ ಕೆಲಸಕ್ಕೆ ಅರ್ಥವಿದೆಯೇ?

ಉತ್ತರ: ನಿಮ್ಮ ಮನಸ್ಸಿನಲ್ಲಿರುವುದು 2014ರ ರೈಲಿ ಪ್ರಕರಣದ ತೀರ್ಪು. ಬಂಧಿತನ ಬಳಿ ಸಿಕ್ಕ ಫೋನನ್ನು ಪೊಲೀಸರು ವಾರಂಟ್ ಇಲ್ಲದೆ ತೆರೆದು ನೋಡಬಹುದೇ ಎಂಬುದು ಅಲ್ಲಿದ್ದ ಪ್ರಶ್ನೆ. ಕೂಡದು ಎಂದು ಒಂಬತ್ತೂ ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು. ಜೇಬಿನಲ್ಲಿ ಸಿಗುವ ಬೇರೆ ವಸ್ತುಗಳಿಗೂ ಫೋನಿಗೂ ವ್ಯತ್ಯಾಸವಿಲ್ಲ ಎಂಬ ಸರ್ಕಾರದ ವಾದಕ್ಕೆ, ಹಾಗೆನ್ನುವುದು ಕುದುರೆ ಸವಾರಿಗೂ ಚಂದ್ರಯಾನಕ್ಕೂ ಭೇದವಿಲ್ಲ ಎಂದಂತೆ ಎಂಬ ಧಾಟಿಯಲ್ಲಿ ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಉತ್ತರ ಕೊಟ್ಟರು. ಆದರೆ ಆ ತೀರ್ಪು ಬಂಧನದ ಸಂದರ್ಭಕ್ಕೆ ಸಂಬಂಧಿಸಿದ್ದು. ಗಡಿಯ ಮಾತು ಅದರಲ್ಲಿ ಬರುವುದಿಲ್ಲ, ಮತ್ತು ಗಡಿಯಲ್ಲಿ ಕಾನೂನು ಬೇರೆಯೇ ಜಾಡು ಹಿಡಿದು ಬಂದಿದೆ.

ಆ ಜಾಡು ಸಂವಿಧಾನದ ಹಕ್ಕುಗಳಿಗಿಂತ ಹಳೆಯದು. ಅಸಮಂಜಸ ಶೋಧವನ್ನು ನಿಷೇಧಿಸುವ ನಾಲ್ಕನೆಯ ತಿದ್ದುಪಡಿ ಜಾರಿಗೆ ಬಂದದ್ದು 1791ರಲ್ಲಿ. ಅದನ್ನು ರಾಜ್ಯಗಳ ಮುಂದಿಟ್ಟ ಅದೇ ಮೊದಲ ಕಾಂಗ್ರೆಸ್, ಅಂದರೆ ಅಲ್ಲಿಯ ಸಂಸತ್ತು, ಅದಕ್ಕೂ ಮೊದಲೇ, 1789ರ ಜುಲೈನಲ್ಲಿ, ಸುಂಕ ತಪ್ಪಿಸಿದ ಸರಕಿಗಾಗಿ ಹಡಗುಗಳನ್ನು ಹತ್ತಿ ಹುಡುಕುವ ಅಧಿಕಾರವನ್ನು ಕಸ್ಟಮ್ಸ್ ಅಧಿಕಾರಿಗಳಿಗೆ ಕೊಟ್ಟಿತ್ತು. ಇದನ್ನೇ ಆಧಾರವಾಗಿ ಹಿಡಿದು 1977ರ ರ್‍ಯಾಮ್ಸೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಥಾಯ್ಲೆಂಡಿನಿಂದ ಬಂದ ಲಕೋಟೆಗಳನ್ನು ವಾರಂಟ್ ಇಲ್ಲದೆ ಒಡೆದು ಹೆರಾಯಿನ್ ಪತ್ತೆಮಾಡಿದ್ದನ್ನು ಎತ್ತಿಹಿಡಿಯಿತು; ಗಡಿಯಲ್ಲಿ ನಡೆಯುವ ಶೋಧ, ಅದು ಗಡಿಯಲ್ಲಿ ನಡೆಯುತ್ತದೆ ಎಂಬ ಕಾರಣಕ್ಕೇ ಸಮಂಜಸ ಎಂಬುದು ಅದರ ತಿರುಳು. 2004ರಲ್ಲಿ ಕಾರಿನ ಪೆಟ್ರೋಲ್ ಟ್ಯಾಂಕನ್ನು ಯಾವ ಶಂಕೆಯೂ ಇಲ್ಲದೆ ಬಿಚ್ಚಿ ನೋಡಬಹುದು ಎಂದೂ ಹೇಳಿತು. ಹಡಗಿನ ಉಗ್ರಾಣ, ಲಕೋಟೆ, ಪೆಟ್ರೋಲ್ ಟ್ಯಾಂಕ್: ಈ ಸಾಲಿನ ಮುಂದಿನ ವಸ್ತುವೇ ಫೋನ್ ಎನ್ನುವುದು ಸರ್ಕಾರದ ನಿಲುವು. ರೈಲಿ ತೀರ್ಪಿನ ನಂತರ ಹಾಗೆನ್ನಲು ಬಾರದು ಎನ್ನುವುದು ನಾಗರಿಕ ಸ್ವಾತಂತ್ರ್ಯದ ವಕೀಲರ, ಅಂದರೆ ನಮ್ಮ ಕಡೆಯವರ, ನಿಲುವು. ಸುಪ್ರೀಂ ಕೋರ್ಟ್ ಈ ಜಗಳವನ್ನು ಕೈಗೆತ್ತಿಕೊಂಡು ತೀರ್ಮಾನಿಸಿಲ್ಲವಾದ್ದರಿಂದ ಸರ್ಕಿಟ್ ಎಂದು ಕರೆಯುವ ಪ್ರಾದೇಶಿಕ ಮೇಲ್ಮನವಿ ನ್ಯಾಯಾಲಯಗಳು ತಮಗೆ ತೋಚಿದಂತೆ ಹೇಳುತ್ತ ಬಂದಿವೆ.

ಇದರ ಫಲವಾಗಿ ವಿಮಾನ ಎಲ್ಲಿ ಇಳಿಯುತ್ತದೆ ಎಂಬುದರ ಮೇಲೆ ಕಾನೂನು ಬದಲಾಗುತ್ತದೆ. ಸ್ಯಾನ್ ಫ್ರಾನ್ಸಿಸ್ಕೊ ಇರುವ ಒಂಬತ್ತನೆಯ ಸರ್ಕಿಟ್ಟಿನಲ್ಲಿ ಸಾಧನವನ್ನು ಯಂತ್ರಕ್ಕೆ ಜೋಡಿಸಿ ಆಳವಾಗಿ ಬಗೆಯಲು ಸಮಂಜಸ ಶಂಕೆ ಬೇಕು, ಅದು 2013ರ ತೀರ್ಪು. 2019ರ ಮತ್ತೊಂದು ತೀರ್ಪಿನ ಪ್ರಕಾರ ಕೈಯಲ್ಲಿ ಹಿಡಿದು ನೋಡುವ ಸಾದಾ ಶೋಧಕ್ಕೆ ಶಂಕೆ ಬೇಡವಾದರೂ, ಹುಡುಕಬೇಕಾದ್ದು ಫೋನಿನೊಳಗೇ ಇರುವ ನಿಷಿದ್ಧ ಕಡತಗಳನ್ನು ಮಾತ್ರ, ಯಾವುದೋ ಅಪರಾಧದ ಸಾಮಾನ್ಯ ಸಾಕ್ಷ್ಯವನ್ನಲ್ಲ. ವಾಷಿಂಗ್ಟನ್ ಪಕ್ಕದ ಡಲ್ಲಸ್ ನಿಲ್ದಾಣ ಬರುವ ನಾಲ್ಕನೆಯ ಸರ್ಕಿಟ್ 2018ರಲ್ಲಿ, ಆಳದ ಶೋಧಕ್ಕೆ ಆ ವ್ಯಕ್ತಿಯ ಮೇಲೇ ಶಂಕೆ ಇರಬೇಕು ಎಂದಿತು. ಅದೇ ವರ್ಷ ಅಟ್ಲಾಂಟಾ, ಮಯಾಮಿಗಳನ್ನು ಒಳಗೊಂಡ ಹನ್ನೊಂದನೆಯ ಸರ್ಕಿಟ್, ಶಂಕೆಯೇ ಬೇಡ, ಆಳದ ಶೋಧವಾದರೂ ಸರಿ ಎಂದುಬಿಟ್ಟಿತು. ಒಂದೇ ಪಾಸ್‌ಪೋರ್ಟ್, ಒಂದೇ ಫೋನ್, ಒಂದೇ ಬೆಂಗಳೂರಿನಿಂದ ಹೊರಟ ಪ್ರಯಾಣ. ಇಳಿದ ಊರು ಬೇರೆ, ಹಕ್ಕೂ ಬೇರೆ.

ಈಗ ನಿಮ್ಮ ಅಕ್ಕನಿಗೆ ಆದದ್ದನ್ನು ಹತ್ತಿರದಿಂದ ನೋಡೋಣ. ಕಸ್ಟಮ್ಸ್ ಮತ್ತು ಗಡಿ ರಕ್ಷಣಾ ಇಲಾಖೆ 2018ರ ಜನವರಿಯಲ್ಲಿ ಹೊರಡಿಸಿದ ನಿರ್ದೇಶನವೇ ಆ ಕೋಣೆಯೊಳಗಿನ ನಿಯಮ. ಅದು ಶೋಧವನ್ನು ಎರಡು ಬಗೆಯಾಗಿ ವಿಂಗಡಿಸುತ್ತದೆ. ಅಧಿಕಾರಿ ಬೆರಳಿನಿಂದ ಪರದೆಯನ್ನು ಸರಿಸುತ್ತ ಫೋಟೊ, ಸಂದೇಶ, ಸಂಪರ್ಕಗಳನ್ನು ನೋಡುವುದು ಸಾದಾ ಶೋಧ. ಇದಕ್ಕೆ ಕಾರಣ ಬೇಕಿಲ್ಲ. ಹೊರಗಿನ ಉಪಕರಣವನ್ನು ಜೋಡಿಸಿ ಒಳಗಿನದನ್ನು ನಕಲು ಮಾಡಿಕೊಳ್ಳುವುದು ಅಥವಾ ವಿಶ್ಲೇಷಿಸುವುದು ಸುಧಾರಿತ ಶೋಧ; ಇದಕ್ಕೆ ಸಮಂಜಸ ಶಂಕೆ ಅಥವಾ ರಾಷ್ಟ್ರೀಯ ಭದ್ರತೆಯ ಕಳವಳ ಇರಬೇಕು, ಮೇಲಧಿಕಾರಿಯ ಒಪ್ಪಿಗೆಯೂ ಬೇಕು. ನೋಡುವ ಮೊದಲು ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಬೇಕು, ಏಕೆಂದರೆ ಸಾಧನದಲ್ಲಿ ಇರುವುದನ್ನು ನೋಡಬಹುದೇ ಹೊರತು ಬೇರೆಲ್ಲೋ ಸರ್ವರಿನಲ್ಲಿ ಇರುವುದನ್ನು ಇಳಿಸಿಕೊಂಡು ನೋಡುವಂತಿಲ್ಲ. ಫೋನನ್ನು ಇಟ್ಟುಕೊಂಡರೆ ಸಾಮಾನ್ಯವಾಗಿ ಐದು ದಿನ ಮೀರಬಾರದು, ಮತ್ತು ಅದಕ್ಕೆ ರಸೀದಿ ಕೊಡಬೇಕು. ಆ ರಸೀದಿ ನಮೂನೆಯ ಸಂಖ್ಯೆ 6051ಡಿ. ಅಕ್ಕನ ಎದುರಿಗೇ ಫೋನ್ ನೋಡಿದರೋ, ಒಳಗೆ ಒಯ್ದರೋ ಎಂದು ಕೇಳಿ. ಒಳಗೆ ಒಯ್ದಿದ್ದರೆ ಆ ಮುಕ್ಕಾಲು ಗಂಟೆಯಲ್ಲಿ ನಡೆದದ್ದು ಯಾವ ಬಗೆಯ ಶೋಧ ಎಂಬುದೇ ನಿಜವಾದ ಪ್ರಶ್ನೆ.

ಇಲಾಖೆಯೇ ಪ್ರಕಟಿಸುವ ಅಂಕಿಗಳಂತೆ 2015ರ ಹಣಕಾಸು ವರ್ಷದಲ್ಲಿ ಇಂಥ ಶೋಧಗಳು ಸುಮಾರು 8,500, 2023ರಲ್ಲಿ 41,767, 2024ರಲ್ಲಿ 47,047. ಒಳಬರುವವರ ಸಂಖ್ಯೆಯೊಂದಿಗೆ ಹೋಲಿಸಿದರೆ ಶೇಕಡಾ 0.01ರಷ್ಟು ಮಾತ್ರ ಎಂದು ಇಲಾಖೆ ಪ್ರತಿ ಬಾರಿಯೂ ಹೇಳುತ್ತದೆ. ಲೆಕ್ಕ ಸರಿಯಾಗಿಯೇ ಇದೆ. ಆದರೆ ಶೋಧಕ್ಕೆ ಕಾರಣ ಹೇಳಬೇಕಾಗಿಲ್ಲದಿರುವಾಗ ಆ 0.01ರಲ್ಲಿ ಯಾರು ಬರುತ್ತಾರೆ, ಏಕೆ ಬರುತ್ತಾರೆ ಎಂಬುದಕ್ಕೆ ಆ ಲೆಕ್ಕದಲ್ಲಿ ಉತ್ತರವಿಲ್ಲ.

ಪಾಸ್‌ಕೋಡ್ ಕೊಡುವುದಿಲ್ಲ ಎಂದಿದ್ದರೆ ಏನಾಗುತ್ತಿತ್ತು? ಇಲ್ಲಿ ಪೌರತ್ವ ಎಲ್ಲವನ್ನೂ ನಿರ್ಧರಿಸುತ್ತದೆ. ಅಮೆರಿಕದ ನಾಗರಿಕನನ್ನು ಗಂಟೆಗಟ್ಟಲೆ ಕಾಯಿಸಬಹುದು, ಫೋನನ್ನು ಇಟ್ಟುಕೊಳ್ಳಬಹುದು, ಆದರೆ ದೇಶದೊಳಗೆ ಬಿಡದೆ ಇರುವಂತಿಲ್ಲ. ಗ್ರೀನ್ ಕಾರ್ಡ್ ಇರುವವರನ್ನು ವಲಸೆ ನ್ಯಾಯಾಧೀಶರ ವಿಚಾರಣೆ ಇಲ್ಲದೆ ಸಾಮಾನ್ಯವಾಗಿ ಹಿಂದೆ ಕಳಿಸಲಾಗದು. ಅವರು ಎಚ್ಚರ ವಹಿಸಬೇಕಾದ್ದು ಕಾಯಂ ವಾಸದ ಹಕ್ಕನ್ನು ತಾವಾಗಿ ಬಿಟ್ಟುಕೊಡುವ ಐ-407 ನಮೂನೆಗೆ ದಣಿವಿನಲ್ಲಿ ಸಹಿ ಹಾಕದಂತೆ. ನಿಮ್ಮ ಅಕ್ಕನಂಥ ವೀಸಾದಾರರಿಗೆ ಪ್ರವೇಶವನ್ನೇ ನಿರಾಕರಿಸಬಹುದು, ವೀಸಾ ರದ್ದುಪಡಿಸಬಹುದು. ಕೆಲವು ಸಂದರ್ಭಗಳಲ್ಲಿ 1996ರ ಕಾನೂನಿನ ತ್ವರಿತ ಗಡೀಪಾರಿನ ವಿಧಿಯನ್ನು ಬಳಸಿ ಐದು ವರ್ಷ ಬಾಗಿಲು ಮುಚ್ಚಲೂಬಹುದು. ಆ ಕೋಣೆಗೆ ವಕೀಲರನ್ನು ಕರೆಸಿಕೊಳ್ಳುವ ಹಕ್ಕೂ, ಅಪರಾಧ ತನಿಖೆಗೆ ಗುರಿಯಾಗಿ ವಶಕ್ಕೆ ತೆಗೆದುಕೊಳ್ಳದ ಹೊರತು, ನಿಯಮಾವಳಿಯಲ್ಲಿಲ್ಲ. ಕೆಲಸ, ಬಾಡಿಗೆ ಮನೆ, ಮಕ್ಕಳ ಶಾಲೆ ಎಲ್ಲವೂ ಬಾಗಿಲ ಆಚೆ ಇರುವಾಗ ಪಾಸ್‌ಕೋಡ್ ಹೇಳಿದ್ದನ್ನು ಒಪ್ಪಿಗೆ ಎಂದು ಕರೆಯಲು ನನಗೆ ಮನಸ್ಸು ಬಾರದು. ಅಕ್ಕ ಹೇಳಿದ್ದು ತಪ್ಪು ಎಂದು ಯಾರಾದರೂ ಆಕೆಗೆ ಬುದ್ಧಿ ಹೇಳಿದರೆ ಅದನ್ನು ಕಿವಿಗೆ ಹಾಕಿಕೊಳ್ಳುವುದು ಬೇಡ.

ವಕೀಲರ ಕೆಲಸ ಶುರುವಾಗುವುದೂ ಇಲ್ಲಿಂದಲೇ: ಯಾರ ಹೆಸರಿನಲ್ಲಿ ದಾವೆ ಹೂಡಬೇಕು? 2017ರ ಸೆಪ್ಟೆಂಬರಿನಲ್ಲಿ ಅಮೆರಿಕನ್ ಸಿವಿಲ್ ಲಿಬರ್ಟೀಸ್ ಯೂನಿಯನ್ ಮತ್ತು ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಷನ್ ಎಂಬ ನಾಗರಿಕ ಹಕ್ಕುಗಳ ಸಂಸ್ಥೆಗಳು ಕೂಡಿ ಬಾಸ್ಟನ್ನಿನಲ್ಲಿ ಹೂಡಿದ, ಅಲಸಾದ್ ಪ್ರಕರಣ ಎಂದು ಹೆಸರಾದ ದಾವೆಯಲ್ಲಿ ಹನ್ನೊಂದು ಫಿರ್ಯಾದಿಗಳಿದ್ದರು. ಹತ್ತು ಮಂದಿ ನಾಗರಿಕರು, ಒಬ್ಬರು ಗ್ರೀನ್ ಕಾರ್ಡ್ ಹೊಂದಿದವರು. ವೀಸಾದಾರರು ಒಬ್ಬರೂ ಇರಲಿಲ್ಲ. ಗಡಿಯಲ್ಲಿ ಎಲ್ಲರಿಗಿಂತ ಹೆಚ್ಚು ಕಳೆದುಕೊಳ್ಳುವವರೇ ನ್ಯಾಯಾಲಯದಲ್ಲಿ ನಿಲ್ಲಲು ಎಲ್ಲರಿಗಿಂತ ಕಡಿಮೆ ಅನುಕೂಲವಿರುವವರು. ಈ ವಿಪರ್ಯಾಸವನ್ನು ಕಾನೂನು ಶಾಲೆ ಬಹುಶಃ ನಿಮಗೆ ಕಲಿಸಿರುವುದಿಲ್ಲ. ಆ ಹನ್ನೊಂದು ಮಂದಿಯಲ್ಲಿ ಪತ್ರಕರ್ತರು, ವಿದ್ಯಾರ್ಥಿಗಳು, ಒಬ್ಬ ಮಾಜಿ ಸೈನಿಕ, ನಾಸಾದ ಒಬ್ಬ ಎಂಜಿನಿಯರ್ ಇದ್ದರು. ಎಂಜಿನಿಯರ್ ಹುಟ್ಟಿನಿಂದಲೇ ಅಮೆರಿಕದ ನಾಗರಿಕ. ಚಿಲಿಯಿಂದ ಮರಳಿ ಹ್ಯೂಸ್ಟನ್ನಿನಲ್ಲಿ ಇಳಿದಾಗ, ಸರ್ಕಾರಿ ಸಂಶೋಧನಾಲಯದ ಆ ಫೋನನ್ನು ಸರ್ಕಾರದ ಇನ್ನೊಂದು ಇಲಾಖೆಯವರು ತೆಗೆಸಿ ನೋಡಿದರು. ಕೆನಡಾದಿಂದ ಜ್ವರದ ಮಗಳೊಂದಿಗೆ ರಸ್ತೆಯಲ್ಲಿ ಮರಳುತ್ತಿದ್ದ ದಂಪತಿಯಲ್ಲಿ ಹೆಂಡತಿಯ ಆಕ್ಷೇಪ ಸರಳವಾಗಿತ್ತು: ತಾನು ತಲೆವಸ್ತ್ರ ಧರಿಸುವವಳು, ಫೋನಿನಲ್ಲಿ ತಲೆವಸ್ತ್ರವಿಲ್ಲದ ತನ್ನ ಫೋಟೊಗಳಿವೆ, ಗಂಡಸು ಅಧಿಕಾರಿ ಅವನ್ನು ನೋಡಕೂಡದು. ಸಂವಿಧಾನದ ದೊಡ್ಡ ಮಾತುಗಳಿಗಿಂತ ಈ ಒಂದು ವಾಕ್ಯ, ಫೋನ್ ಪೆಟ್ರೋಲ್ ಟ್ಯಾಂಕಿನಂತಲ್ಲ ಎಂಬುದನ್ನು ಚೆನ್ನಾಗಿ ಹೇಳುತ್ತದೆ. ಇಂಥ ವಾಕ್ಯವನ್ನು ಕಕ್ಷಿದಾರರ ಬಾಯಿಂದ ಕೇಳಿಸಿಕೊಂಡು, ಕೆಡಿಸದೆ, ಪ್ರಮಾಣಪತ್ರಕ್ಕೆ ಇಳಿಸುವುದೇ ಈ ವೃತ್ತಿಯ ಅರ್ಧ ಕಸುಬು.

ಮಿಕ್ಕ ಅರ್ಧ, ಸರ್ಕಾರದ ಬಾಯಿ ಬಿಡಿಸುವುದು. ದಾವೆ ವಿಚಾರಣೆಗೆ ಅಂಗೀಕಾರವಾದ ಮೇಲೆ ಎದುರು ಪಕ್ಷದ ದಾಖಲೆಗಳನ್ನು ಕೇಳಿ ಪಡೆಯುವ, ಅಧಿಕಾರಿಗಳನ್ನು ಪ್ರಮಾಣದ ಮೇಲೆ ಪ್ರಶ್ನಿಸುವ ಹಂತ ಬರುತ್ತದೆ. ಆ ಹಂತದಲ್ಲಿ ಹೊರಬಿದ್ದ ಸಂಗತಿಗಳು ದಾವೆಯ ಫಲಿತಾಂಶಕ್ಕಿಂತ ಮುಖ್ಯವಾದವು ಎಂದು ನನ್ನ ಎಣಿಕೆ. ಗಡಿ ಅಧಿಕಾರಿಗಳು ಸುಂಕ, ವಲಸೆಗಳಿಗಷ್ಟೇ ಅಲ್ಲ, ದಿವಾಳಿ ಕಾನೂನು, ಪರಿಸರ ಕಾನೂನು, ಗ್ರಾಹಕ ರಕ್ಷಣೆಯ ಕಾನೂನುಗಳ ಜಾರಿಗೂ ಸಾಧನಗಳನ್ನು ಹುಡುಕುವ ಅಧಿಕಾರ ತಮಗಿದೆ ಎಂದು ಭಾವಿಸಿದ್ದರು. ಬೇರೆ ಇಲಾಖೆಗಳು ಕೇಳಿದರೆ ಅವರಿಗಾಗಿಯೂ ಹುಡುಕಬಹುದು ಎಂದಿದ್ದರು. ಪ್ರಯಾಣಿಕನ ಮೇಲೆ ಯಾವ ಅನುಮಾನವಿಲ್ಲದಿದ್ದರೂ ಆತನಿಗೆ ಪರಿಚಯವಿರುವ ಮತ್ತೊಬ್ಬರ ಬಗ್ಗೆ ತಿಳಿಯಲು, ಪತ್ರಕರ್ತನಾದರೆ ಆತನ ಸುದ್ದಿಮೂಲವನ್ನು ತಿಳಿಯಲು ಕೂಡ, ಫೋನ್ ತೆರೆಸಬಹುದು ಎಂಬ ನಿಲುವು ತಳೆದಿದ್ದರು. ಇದಾವುದೂ ವಿಮಾನ ನಿಲ್ದಾಣದ ಫಲಕದಲ್ಲಿ ಬರೆದಿರುವುದಿಲ್ಲ.

2019ರ ನವೆಂಬರಿನಲ್ಲಿ ಜಿಲ್ಲಾ ನ್ಯಾಯಾಧೀಶೆ ಡೆನಿಸ್ ಕ್ಯಾಸ್ಪರ್, ಸಾದಾ ಶೋಧಕ್ಕೂ ಸಮಂಜಸ ಶಂಕೆ ಬೇಕೇ ಬೇಕು ಎಂದು ತೀರ್ಪಿತ್ತರು. ವಾರಂಟ್ ಬೇಕೆಂಬ ವಾದವನ್ನು ಅವರೂ ಒಪ್ಪಲಿಲ್ಲ, ಸಂಗ್ರಹಿಸಿದ ಮಾಹಿತಿಯನ್ನು ಅಳಿಸಿಹಾಕಿಸಲೂ ಇಲ್ಲ. ಅಷ್ಟೂ ಉಳಿಯಲಿಲ್ಲ. 2021ರ ಫೆಬ್ರವರಿಯಲ್ಲಿ ಒಂದನೆಯ ಸರ್ಕಿಟ್ ಆ ತೀರ್ಪನ್ನು ಬುಡಮೇಲು ಮಾಡಿತು, ಜೂನಿನಲ್ಲಿ ಸುಪ್ರೀಂ ಕೋರ್ಟ್ ಮೇಲ್ಮನವಿ ಕೇಳಲು ನಿರಾಕರಿಸಿತು. ನಾಲ್ಕು ವರ್ಷದ ದುಡಿಮೆ, ಕಾಗದದ ಮೇಲೆ ಪೂರ್ಣ ಸೋಲು. ಆದರೆ ಆ ಕಡತದೊಳಗಿನ ಪ್ರಮಾಣಿತ ಹೇಳಿಕೆಗಳು ಸೋತಿಲ್ಲ. ಸಾರ್ವಜನಿಕ ದಾಖಲೆಯಾಗಿ ಮುಂದಿನ ವಕೀಲರ ಕೈಗೆ ಸಿಗುತ್ತವೆ.

ಮುಂದಿನ ಪ್ರಕರಣಗಳು ನ್ಯೂಯಾರ್ಕಿನಲ್ಲಿ ಬಂದವು. 2023ರಲ್ಲಿ ನ್ಯಾಯಾಧೀಶ ಜೆಡ್ ರೇಕಾಫ್, 2024ರ ಜುಲೈನಲ್ಲಿ ಅದೇ ನಗರದ ಇನ್ನೊಂದು ಫೆಡರಲ್ ಜಿಲ್ಲೆಯ ನ್ಯಾಯಾಧೀಶೆ ನೀನಾ ಮಾರಿಸನ್, ಗಡಿಯಲ್ಲೂ ಫೋನ್ ಶೋಧಕ್ಕೆ ವಾರಂಟ್ ಬೇಕು ಎಂದರು. ಇವೆರಡೂ ಕ್ರಿಮಿನಲ್ ಮೊಕದ್ದಮೆಗಳು. ಆರೋಪಿಗಳು ಯಾರ ಮರುಕವನ್ನೂ ಗಳಿಸುವಂಥವರಲ್ಲ. ಎರಡನೆಯದರಲ್ಲಿ ನೈಟ್ ಫಸ್ಟ್ ಅಮೆಂಡ್‌ಮೆಂಟ್ ಇನ್‌ಸ್ಟಿಟ್ಯೂಟ್ ಮತ್ತು ಪತ್ರಕರ್ತರ ಹಕ್ಕಿನ ಸಂಸ್ಥೆಯೊಂದು ಅಮಿಕಸ್ ಆಗಿ, ಅಂದರೆ ಕಕ್ಷಿದಾರರಲ್ಲದಿದ್ದರೂ ನ್ಯಾಯಾಲಯಕ್ಕೆ ನೆರವಾಗುವವರಾಗಿ, ಬಂದು, ಪತ್ರಕರ್ತರ ಫೋನುಗಳು ಹೀಗೆ ತೆರೆದುಕೊಂಡರೆ ಪತ್ರಿಕಾ ಸ್ವಾತಂತ್ರ್ಯಕ್ಕೆ ಆಗುವ ಹಾನಿಯನ್ನು ವಾದಿಸಿದವು. ನ್ಯಾಯಾಧೀಶೆ ಅದನ್ನು ತೀರ್ಪಿನಲ್ಲಿ ಗಂಭೀರವಾಗಿ ಎತ್ತಿಕೊಂಡರು. ಯಾರದೋ ಕೊಳಕು ಪ್ರಕರಣದಲ್ಲಿ ಎಲ್ಲರ ಹಕ್ಕು ತೀರ್ಮಾನವಾಗುವುದು ಈ ಕ್ಷೇತ್ರದ ವಾಡಿಕೆ, ಮತ್ತು ಅದಕ್ಕೆ ಮೂಗು ಮುರಿಯುವವರು ಬೇರೆ ಕ್ಷೇತ್ರ ನೋಡಿಕೊಳ್ಳುವುದೊಳ್ಳೆಯದು. ರೇಕಾಫ್ ಅವರ ಪ್ರಕರಣದಲ್ಲಿ ಇನ್ನೊಂದು ಪಾಠವೂ ಇದೆ: ವಾರಂಟ್ ಬೇಕಿತ್ತು ಎಂದ ಮೇಲೂ, ಅಧಿಕಾರಿಗಳು ಅಂದಿನ ಕಾನೂನನ್ನು ನಂಬಿ ಸದ್ಭಾವನೆಯಿಂದ ನಡೆದುಕೊಂಡರು ಎಂಬ ಕಾರಣಕ್ಕೆ ಸಾಕ್ಷ್ಯವನ್ನು ಹೊರಗಿಡಲಿಲ್ಲ. ತತ್ತ್ವ ನಮ್ಮದಾಯಿತು, ಆರೋಪಿಗೆ ಏನೂ ದಕ್ಕಲಿಲ್ಲ.

ಗಡಿಯ ಶೋಧದಲ್ಲಿ ಒಂದು ಅನುಕೂಲವಿದೆ: ತನ್ನ ಫೋನನ್ನು ತೆಗೆದುಕೊಂಡರು ಎಂದು ಪ್ರಯಾಣಿಕನಿಗೆ ಗೊತ್ತಿರುತ್ತದೆ. ಗುಪ್ತ ಕಣ್ಗಾವಲಿನಲ್ಲಿ ಅದೂ ಇರುವುದಿಲ್ಲ. ವಿದೇಶಿಯರ ಸಂವಹನವನ್ನು ವಾರಂಟ್ ಇಲ್ಲದೆ ಸಂಗ್ರಹಿಸಲು 2008ರಲ್ಲಿ ಮಾಡಿದ ಕಾನೂನನ್ನು ವಕೀಲರು, ಪತ್ರಕರ್ತರು, ಮಾನವ ಹಕ್ಕು ಸಂಸ್ಥೆಗಳು ಪ್ರಶ್ನಿಸಿದಾಗ, ನಿಮ್ಮ ಮಾತನ್ನೇ ಕದ್ದು ಕೇಳಿದ್ದಾರೆಂದು ತೋರಿಸಲು ನಿಮ್ಮಿಂದಾಗದು, ಆದ್ದರಿಂದ ದಾವೆ ಹೂಡುವ ಅರ್ಹತೆ, ನಾವು ಓದುವ ಲೋಕಸ್ ಸ್ಟಾಂಡೈ, ನಿಮಗಿಲ್ಲ ಎಂದು 2013ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ 5-4ರ ಬಹುಮತದಿಂದ ಹೇಳಿತು. ಗುಟ್ಟನ್ನು ಸಾಬೀತು ಮಾಡು, ಆಮೇಲೆ ಗುಟ್ಟಿನ ವಿರುದ್ಧ ದೂರು ಕೊಡು ಎಂದಂತಾಯಿತು. ನಾಲ್ಕು ತಿಂಗಳಲ್ಲಿ, ಅಲ್ಲಿಯ ಗುಪ್ತಚರ ಸಂಸ್ಥೆಗೆ ಗುತ್ತಿಗೆಯ ಮೇಲೆ ದುಡಿಯುತ್ತಿದ್ದ ಎಡ್ವರ್ಡ್ ಸ್ನೋಡೆನ್ ಹೊರಹಾಕಿದ ಕಡತಗಳಲ್ಲಿ, ಗ್ರಾಹಕರ ಕರೆಗಳ ವಿವರವನ್ನು ದಿನವೂ ಒಪ್ಪಿಸಬೇಕೆಂದು ವೆರಿಝಾನ್ ಎಂಬ ದೂರವಾಣಿ ಕಂಪನಿಗೆ ಕೊಟ್ಟ ಗುಪ್ತ ನ್ಯಾಯಾಲಯದ ಆದೇಶವಿತ್ತು. ಸಿವಿಲ್ ಲಿಬರ್ಟೀಸ್ ಯೂನಿಯನ್ ಸ್ವತಃ ವೆರಿಝಾನ್ ಗ್ರಾಹಕನಾಗಿತ್ತು. ಒಂದು ವಾರ ಕಳೆಯುವ ಮೊದಲೇ ತನ್ನ ಹೆಸರಿನಲ್ಲೇ ದಾವೆ ಹೂಡಿತು. 2015ರ ಮೇ ತಿಂಗಳಲ್ಲಿ ಎರಡನೆಯ ಸರ್ಕಿಟ್ ಆ ಸಾಮೂಹಿಕ ಸಂಗ್ರಹಕ್ಕೆ ಕಾನೂನಿನ ಆಧಾರವಿಲ್ಲ ಎಂದಿತು, ಮರುತಿಂಗಳು ಕಾಂಗ್ರೆಸ್ ಕಾನೂನನ್ನೇ ತಿದ್ದಿತು. ವಾದ ಬಹುಮಟ್ಟಿಗೆ ಹಳೆಯದೇ. ಹೊಸದಾಗಿ ಕೈಗೆ ಬಂದದ್ದು ಒಂದು ಕಾಗದ.

ಆ 2008ರ ಕಾನೂನು, ಅಂದರೆ 702ನೆಯ ಕಲಂ, ನಿಮಗೂ ತಾಗುತ್ತದೆ. ಅದರಡಿ 2023ರಲ್ಲಿ ಗುರಿಯಾಗಿಸಿಕೊಂಡ ವಿದೇಶಿಯರ ಸಂಖ್ಯೆ 2,68,590 ಎಂದು ಅಲ್ಲಿಯ ಗುಪ್ತಚರ ನಿರ್ದೇಶಕರ ಕಚೇರಿಯೇ ಪ್ರಕಟಿಸಿದೆ. ಅಮೆರಿಕದ ಹೊರಗಿರುವ, ಅಲ್ಲಿಯೊಂದಿಗೆ ಗಟ್ಟಿ ಸಂಬಂಧವಿಲ್ಲದ ವಿದೇಶಿಯನಿಗೆ ನಾಲ್ಕನೆಯ ತಿದ್ದುಪಡಿಯ ರಕ್ಷಣೆ ಸಿಗದು ಎಂಬುದು 1990ರಿಂದ ನಿಂತಿರುವ ನಿಲುವು. ನೀವು ಧಾರವಾಡದಿಂದ ಅಕ್ಕನಿಗೆ ಮಾಡುವ ಕರೆಯಲ್ಲಿ ಒಂದು ತುದಿಗೆ ಹಕ್ಕಿದೆ, ಇನ್ನೊಂದು ತುದಿಗೆ ಇಲ್ಲ.

ನಮ್ಮಲ್ಲಿ ಇದೇ ಪ್ರಶ್ನೆಗಳು ಎಲ್ಲಿವೆ ಎಂದು ನೀವು ಮುಂದೆ ಕೇಳುವಿರೆಂದು ಒಂದೆರಡು ಮಾತು. ದೂರವಾಣಿ ಕದ್ದಾಲಿಕೆಯ ವಿವಾದದಲ್ಲಿ ರಾಮಕೃಷ್ಣ ಹೆಗಡೆ 1988ರಲ್ಲಿ ಮುಖ್ಯಮಂತ್ರಿ ಸ್ಥಾನ ಬಿಟ್ಟದ್ದು ನಿಮ್ಮ ಮನೆಯ ಹಿರಿಯರಿಗೆ ನೆನಪಿರುತ್ತದೆ. ಕದ್ದಾಲಿಕೆಗೆ ಮೊದಲ ಬಾರಿ ಕಾರ್ಯವಿಧಾನದ ಕಟ್ಟು ಹಾಕಿದ 1996ರ ಸುಪ್ರೀಂ ಕೋರ್ಟ್ ತೀರ್ಪು ಬಂದದ್ದು ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್ ಎಂಬ ನಾಗರಿಕ ಹಕ್ಕುಗಳ ಸಂಸ್ಥೆಯ ಅರ್ಜಿಯ ಮೇಲೆ. ಖಾಸಗಿತನ ಮೂಲಭೂತ ಹಕ್ಕು ಎಂದ 2017ರ ಒಂಬತ್ತು ನ್ಯಾಯಮೂರ್ತಿಗಳ ತೀರ್ಪಿಗೆ ಹೆಸರು ಕೊಟ್ಟವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಫೋನಿನ ಪಾಸ್‌ವರ್ಡ್ ಮತ್ತು ಶೋಧದ ವಾರಂಟ್ ಬಗ್ಗೆ ನಮ್ಮದೇ ಹೈಕೋರ್ಟ್ 2021ರಲ್ಲಿ ವೀರೇಂದ್ರ ಖನ್ನಾ ಪ್ರಕರಣದಲ್ಲಿ ಕೊಟ್ಟ ತೀರ್ಪನ್ನು ರೈಲಿಯ ಪಕ್ಕದಲ್ಲಿಟ್ಟು ಓದಿ. ಪಾಸ್‌ವರ್ಡ್ ಕೊಡುವುದು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿದಂತಾಗದು ಎಂಬ ಅದರ ಭಾಗವನ್ನು ನಾನು ಒಪ್ಪುವುದಿಲ್ಲ. ನೀವು ಒಪ್ಪುತ್ತೀರೋ ಎಂಬುದನ್ನು ಓದಿ ನಿರ್ಧರಿಸಿ.

ಕೊನೆಗೆ ಅಕ್ಕನ ವಿಷಯ. ನೆನಪು ಹಸಿಯಾಗಿರುವಾಗಲೇ ದಿನ, ಹೊತ್ತು, ನಿಲ್ದಾಣ, ಅಧಿಕಾರಿಯ ಬ್ಯಾಡ್ಜ್ ಸಂಖ್ಯೆ ಕಂಡಿದ್ದರೆ ಅದು, ಕೇಳಿದ ಪ್ರಶ್ನೆಗಳು, ಕೊಟ್ಟ ಚೀಟಿ ಎಲ್ಲವನ್ನೂ ಬರೆದಿಡಲು ಹೇಳಿ. ಪಾಸ್‌ಕೋಡ್ ಬದಲಾಯಿಸಲಿ. ಮುಂದಿನ ಬಾರಿ ಬರುವಾಗ ಫೋನಿನಲ್ಲಿ ಬೇಡದ್ದನ್ನು ಮನೆಯಲ್ಲೇ ಬಿಟ್ಟು, ಗಡಿಗೆ ಬರುವ ಮೊದಲು ಫೋನನ್ನು ಪೂರ್ತಿ ಆಫ್ ಮಾಡಿರಲಿ; ಕಂಪನಿಯ ಲ್ಯಾಪ್‌ಟಾಪ್ ಆದರೆ ಕಂಪನಿಯ ನಿಯಮವೇನೆಂದು ಹೊರಡುವ ಮೊದಲೇ ಕೇಳಿಕೊಳ್ಳಲಿ. ಅಧಿಕಾರಿಗೆ ಸುಳ್ಳು ಮಾತ್ರ ಹೇಳಬಾರದು, ಅದು ಬೇರೆಯೇ ಅಪರಾಧ. ಅಮೆರಿಕದ ಮಾಹಿತಿ ಹಕ್ಕಿನ ಕಾನೂನಿನಲ್ಲಿ ಅರ್ಜಿ ಹಾಕಲು ಪೌರತ್ವ ಬೇಕಿಲ್ಲ. ತನ್ನ ಪ್ರವೇಶ ತಪಾಸಣೆಯ ದಾಖಲೆ, ಸಾಧನ ಶೋಧದ ವರದಿ, ಮಾಹಿತಿಯನ್ನು ನಕಲು ಮಾಡಿಕೊಂಡಿದ್ದರೆ ಅದು ಯಾರ ಕೈ ಸೇರಿದೆ ಎಂಬ ವಿವರ ಇವನ್ನು ಆಕೆ ಕಸ್ಟಮ್ಸ್ ಇಲಾಖೆಯಿಂದ ಕೇಳಬಹುದು. ಪ್ರತಿ ಬಾರಿಯೂ ಹೀಗೇ ತಡೆಯುತ್ತಿದ್ದರೆ ಆಂತರಿಕ ಭದ್ರತಾ ಇಲಾಖೆಯ ಪ್ರಯಾಣಿಕರ ದೂರು ವ್ಯವಸ್ಥೆಗೂ ಬರೆಯಬಹುದು. ಉತ್ತರ ಬರಲು ತಿಂಗಳುಗಳೇ ಹಿಡಿಯಬಹುದು, ಬಂದ ಪುಟಗಳಲ್ಲಿ ಅರ್ಧಕ್ಕೆ ಕಪ್ಪು ಮಸಿ ಬಳಿದಿರಲೂಬಹುದು. ಆ ಪುಟಗಳನ್ನು ಎಸೆಯದೆ, ಆಕೆಯ ವಲಸೆ ಪ್ರಕರಣ ನೋಡಿಕೊಳ್ಳುವ ವಕೀಲರಿಗೆ ಒಂದು ಪ್ರತಿ ಕೊಟ್ಟಿರಲಿ, ನೀವೂ ಒಂದು ಪ್ರತಿ ಇಟ್ಟುಕೊಳ್ಳಿ.